ಬೋಧನೆಗೂ ಪರೀಕ್ಷೆ ಬೇಕು



ವಿಜ್ಞಾನಶಾಸ್ತ್ರವು ಯಾವ ಮಾತನ್ನೂ ಪರೀಕ್ಷಿಸದೆ ಅಂಗೀಕರಿಸುವುದಿಲ್ಲವೆಂಬುದು ಸರ್ವವಿದಿತವಷ್ಟೆ. ಆದರೆ ಆ ಶಾಸ್ತ್ರವನ್ನು ಬೋಧಿಸುವವರಲ್ಲಿ ಬಹುಮಂದಿ ತಮ್ಮ ಬೋಧನಾಕ್ರಮವನ್ನು ಪರೀಕ್ಷೆಗೆ ಒಡ್ಡುವುದಿಲ್ಲ. ಗುರುವು ಚೆನ್ನಾಗಿ ಹೇಳಿದನು, ಆದುದರಿಂದ ಶಿಷ್ಯನು ಚೆನ್ನಾಗಿ ತಿಳಿದನು ಎಂದು ಊಹಿಸುವುದೇ ವಾಡಿಕೆಯಾಗಿದೆ. ಈ ಊಹೆಯು ಎಷ್ಟು ದುರ್ಬಲವೆಂಬುದಕ್ಕೆ ಅಮೇರಿಕಾ ದೇಶದ ಒಬ್ಬ ಅಧ್ಯಾಪಕರ ವೃತ್ತಾಂತವು ನಿದರ್ಶನವಾಗಿದೆ.

ಎರಿಕ್ ಮಜೂರ್ ಎಂಬವರು 1984ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರದ ಬೋಧನೆಯನ್ನು ಕೈಕೊಂಡರು. ಅವರ ಉಪನ್ಯಾಸಗಳನ್ನು ವಿದ್ಯಾರ್ಥಿಗಳು ಮೆಚ್ಚುತ್ತಿದ್ದರು. ಕಠಿಣವಾದ ಲೆಕ್ಕಗಳನ್ನೂ ಬಿಡಿಸುತ್ತಿದ್ದರು. ಹೀಗಿರಲು 1990ರಲ್ಲಿ, ಅರಿಜೋನಾದ ಸಂಶೋಧಕರಾದ ಹಲೂನ್ ಮತ್ತು ಹೆಸ್ಟಿನೀಸರು 1985ರಲ್ಲಿ ಪ್ರಕಟಿಸಿದ್ದ ಲೇಖನಗಳು ಮಜೂರರ ಕೈಸೇರಿದವು. ವಿದ್ಯಾರ್ಥಿಗಳು ನ್ಯೂಟನ್ನನ ನಿಯಮಗಳನ್ನು ಬಾಯಲ್ಲಿ ಹೇಳಿದರೂ ಮನಸ್ಸಿನಲ್ಲಿ ಹಳೆಯ ಭಾವನೆಗಳನ್ನೇ ಉಳಿಸಿಕೊಂಡಿರುವರೆಂದು ಅವುಗಳಲ್ಲಿತ್ತು. ತಮ್ಮ ಶಿಷ್ಯರು ಅಂಥವರಲ್ಲವೆಂದು ನಂಬಿ, ಮಜೂರರು ಅದೇ ಪ್ರಶ್ನೆಗಳನ್ನು ಅವರಿಗೂ ಕೊಟ್ಟರು.

ಭಾರವಾದ ಲಾರಿಯೂ ಹಗುರವಾದ ಕಾರೂ ಎದುರುಬದುರಾಗಿ ಢಿಕ್ಕಿ ಹೊಡೆದರೆ ಯಾವುದರ ಬಲವು ಹೆಚ್ಚು ಎಂಬುದು ಈ ಜಾತಿಯ ಪ್ರಶ್ನೆ. ಒಂದರ ಮೇಲೊಂದು ಪ್ರಯೋಗಿಸುವ ಬಲಗಳು ಸಮಾನವೆಂಬುದು ನ್ಯೂಟನ್ನನ 3ನೆಯ ನಿಯಮ. ಕಾರು ನುಜ್ಜುಗುಜ್ಜಾಗುವುದರಿಂದ ಲಾರಿಯ ಬಲವೇ ಹೆಚ್ಚೆಂಬುದು ಲೋಕದ ಭಾವನೆ. ತರಗತಿಯಲ್ಲಿ ಕಲಿಸಿದಂತೆ ಬರೆಯಬೇಕೋ, ಸಹಜವಾಗಿ ಯೋಚಿಸುವಂತೆ ಬರೆಯಬೇಕೋ ಎಂಬ ಸಂದೇಹವು ಆಗ ವಿದ್ಯಾರ್ಥಿಗಳಿಂದಲೇ ಬಂದಿತು. ಆರು ವರ್ಷಗಳ ಬೋಧನೆಯ ನಿಜಸ್ಥಿತಿಯು ಆ ಒಂದು ಮಾತಿನಿಂದ ಬಯಲಾಯಿತು. ಉತ್ತರಗಳೂ ನಿರಾಶಾಜನಕವಾಗಿದ್ದವು.

ದೋಷವು ತಮ್ಮ ಕ್ರಮದಲ್ಲಿಯೇ ಇದೆಯೆಂದು ಮಜೂರರು ಕಡೆಗೆ ಒಪ್ಪಿದರು. ಒಂದು ದಿನ ಎರಡು ಬಾರಿ ವಿವರಿಸಿದರೂ ಶಿಷ್ಯರ ಗೊಂದಲವು ಹೋಗದಿರಲು, ನೆರೆಯವರೊಡನೆ ಚರ್ಚಿಸಿರೆಂದು ಹೇಳಿ ಸುಮ್ಮನಾದರು. ಕೆಲವೇ ನಿಮಿಷಗಳಲ್ಲಿ ಅವರು ತಾವಾಗಿಯೇ ಸರಿಯಾದ ಉತ್ತರವನ್ನು ಕಂಡುಕೊಂಡರು. ಹೊಸದಾಗಿ ತಿಳಿದವನಿಗೆ ತಾನು ಎಲ್ಲಿ ಎಡವಿದ್ದೆನೆಂಬ ನೆನಪಿರುತ್ತದೆ. ಬಹುಕಾಲದ ಹಿಂದೆ ತಿಳಿದ ಗುರುವು ಅದನ್ನು ಮರೆತಿರುತ್ತಾನೆ. ಅಂದಿನಿಂದ ಅವರ ತರಗತಿಯಲ್ಲಿ ಪ್ರಶ್ನೆಗೆ ಪ್ರತಿಯೊಬ್ಬನೂ ಮೊದಲು ಒಂಟಿಯಾಗಿ ಉತ್ತರ ಕೊಡುವುದು, ಬಳಿಕ ನೆರೆಯವನೊಡನೆ ವಾದಿಸುವುದು, ಪುನಃ ಉತ್ತರ ಕೊಡುವುದು, ಆಮೇಲೆ ಗುರುವು ವಿವರಿಸುವುದು ಎಂಬ ಕ್ರಮವು ನೆಲೆಗೊಂಡಿತು.

ಇದು ಒಬ್ಬರ ಅನುಭವಮಾತ್ರವಲ್ಲ. 1998ರಲ್ಲಿ ರಿಚರ್ಡ್ ಹೇಕ್ ಎಂಬ ಪಂಡಿತರು 62 ತರಗತಿಗಳ 6542 ವಿದ್ಯಾರ್ಥಿಗಳ ಪರೀಕ್ಷಾಫಲವನ್ನು ಪ್ರಕಟಿಸಿದರು. ಕಲಿಯಲು ಉಳಿದಿದ್ದುದರಲ್ಲಿ ಬರಿಯ ಉಪನ್ಯಾಸದ 14 ತರಗತಿಗಳವರು ಸರಾಸರಿ ಶೇಕಡಾ 23ರಷ್ಟನ್ನೂ, ಚರ್ಚೆ ಮತ್ತು ಪ್ರಯತ್ನಗಳಿಗೆ ಎಡೆಯಿದ್ದ 48 ತರಗತಿಗಳವರು ಶೇಕಡಾ 48ರಷ್ಟನ್ನೂ ಗಳಿಸಿದ್ದರು.

ಇನ್ನೊಂದು ಎಚ್ಚರಿಕೆಯೂ ಉಂಟು. ಹಾರ್ವರ್ಡಿನಲ್ಲಿಯೇ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ತಾವೇ ಶ್ರಮಿಸಿ ಕಲಿತವರು ಹೆಚ್ಚು ಕಲಿತಿದ್ದರೂ ಕಡಿಮೆ ಕಲಿತೆವೆಂದು ಭಾವಿಸಿದರು. ಸೊಗಸಾದ ಉಪನ್ಯಾಸವನ್ನು ಕೇಳಿದವರು ಕಡಿಮೆ ಕಲಿತಿದ್ದರೂ ಹೆಚ್ಚು ಕಲಿತೆವೆಂದುಕೊಂಡರು. ಆದಕಾರಣ ಶಿಷ್ಯರ ಮೆಚ್ಚುಗೆಯೂ ಬೋಧನೆಗೆ ಪೂರ್ಣಪ್ರಮಾಣವಲ್ಲ.

ಶಾಲೆಗಳನ್ನು ನಡೆಸುವವರೂ ಮಕ್ಕಳನ್ನು ಅಲ್ಲಿಗೆ ಕಳುಹಿಸುವವರೂ ಇದನ್ನು ಗಮನಿಸತಕ್ಕದ್ದು. ಪ್ರಯೋಗಶಾಲೆಗೆ ಯಂತ್ರಗಳನ್ನು ಕೊಳ್ಳಲು ಧನವು ಬೇಕು; ಹೇಳಿದ ಪಾಠವು ತಿಳಿಯಿತೇ ಎಂದು ಕೇಳಿ, ತಿಳಿಯದಿದ್ದರೆ ತನ್ನ ಕ್ರಮವನ್ನು ತಿದ್ದಿಕೊಳ್ಳಲು ಗುರುವಿಗೆ ವಿನಯವೊಂದೇ ಸಾಕು. ಅದಿಲ್ಲದಿದ್ದರೆ ನಷ್ಟವು ಮಕ್ಕಳದು.