ಬಿಜ್ಜಳನನ್ನು ಅಳಿಸಿದರೆ ಕಲ್ಯಾಣ ಉಳಿಯುತ್ತಿತ್ತೇ?

(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)

 

ಪೂಜ್ಯರು ನನಗೆ ಕಲ್ಯಾಣ ಕ್ರಾಂತಿಯ ಬಗ್ಗೆ ಮಾತನಾಡಲು ಅಪ್ಪಣೆ ಕೊಡಿಸಿದ್ದಾರೆ. ನಾನು ಇತಿಹಾಸದ ಪ್ರಾಧ್ಯಾಪಕನಲ್ಲ. ಸಿವಿಲ್ ಇಂಜಿನಿಯರಿಂಗ್ ಓದಿ, ಸರ್ಕಾರಿ ಸೇವೆಯಲ್ಲಿ ಕೆರೆ, ಕಾಲುವೆ, ಸೇತುವೆಗಳ ಜೊತೆ ಆಯುಷ್ಯ ಕಳೆದು ನಿವೃತ್ತನಾದವನು. ಆದ್ದರಿಂದ ಒಬ್ಬ ಇಂಜಿನಿಯರ್ ನೋಡುವ ರೀತಿಯಲ್ಲೇ ಈ ವಿಷಯವನ್ನು ನಿಮ್ಮ ಮುಂದೆ ಇಡುತ್ತೇನೆ.

ಒಂದು ಪ್ರಶ್ನೆಯಿಂದ ಆರಂಭಿಸೋಣ. ಇತಿಹಾಸದಿಂದ ಒಬ್ಬನೇ ಒಬ್ಬ ವ್ಯಕ್ತಿಯನ್ನು ಅಳಿಸಿಹಾಕುವ ಅಧಿಕಾರ ನಿಮಗೆ ಸಿಕ್ಕರೆ ಯಾರನ್ನು ಅಳಿಸುತ್ತೀರಿ? ಬೇರೆ ಸಭೆಯಲ್ಲಿ ಕೇಳಿದರೆ ಹಿಟ್ಲರ್ ಎನ್ನುತ್ತಾರೆ. ನಮ್ಮ ಸಭೆಯಲ್ಲಿ ಕೇಳಿದರೆ ಬರುವ ಉತ್ತರ ಒಂದೇ: ಬಿಜ್ಜಳ. ಅವನೊಬ್ಬ ಇಲ್ಲದಿದ್ದರೆ ಹರಳಯ್ಯನವರು, ಮಧುವರಸರು ಎಳೆಹೂಟೆ ಶಿಕ್ಷೆಗೆ ಬಲಿಯಾಗುತ್ತಿರಲಿಲ್ಲ, ಶರಣರು ಚದುರುತ್ತಿರಲಿಲ್ಲ, ಅನುಭವ ಮಂಟಪ ಹಾಳಾಗುತ್ತಿರಲಿಲ್ಲ ಎಂಬುದು ನಮ್ಮ ಭಾವನೆ. ಇದು ಸರಿಯೇ ಎಂದು ಪರೀಕ್ಷೆ ಮಾಡೋಣ.

ಯಾವುದೇ ಕಟ್ಟಡದಿಂದ ಒಂದು ಕಂಬ ತೆಗೆಯುವ ಮುನ್ನ ಇಂಜಿನಿಯರ್ ಕೇಳುವ ಮೊದಲ ಪ್ರಶ್ನೆ, ಈ ಕಂಬದ ಮೇಲೆ ಏನೇನು ನಿಂತಿದೆ ಎಂಬುದು. ಕಳಚುರಿ ವಂಶದ ಬಿಜ್ಜಳ ಚಾಲುಕ್ಯರ ಮಾಂಡಲಿಕ. ಅವನ ನೆಲೆ ಮಂಗಳವೇಡೆ, ಇಂದಿನ ಸೊಲ್ಲಾಪುರ ಜಿಲ್ಲೆಯಲ್ಲಿದೆ. ಚಾಲುಕ್ಯ ದೊರೆ 3ನೆಯ ತೈಲಪ ದುರ್ಬಲನಾದಾಗ, 12ನೆಯ ಶತಮಾನದ ನಡುಭಾಗದಲ್ಲಿ, ಬಿಜ್ಜಳ ಕಲ್ಯಾಣದ ಸಿಂಹಾಸನ ಹಿಡಿದ. ಬಸವಣ್ಣನವರು ಮಂಗಳವೇಡೆಯಲ್ಲಿ ಕರಣಿಕರಾಗಿ ಸೇರಿ, ಮುಂದೆ ಬಿಜ್ಜಳನ ಭಂಡಾರಿಗಳಾದರು ಎಂಬುದು ನಮ್ಮ ಪರಂಪರೆ ಹೇಳುವ ಮಾತು. ಅವರ ಯೋಗ್ಯತೆಯನ್ನು ಗುರುತಿಸಿ ಆ ಹೊಣೆ ಕೊಟ್ಟವನು ಬಿಜ್ಜಳನೇ. ಆಸ್ಥಾನದಲ್ಲಿ ದೂರುಗಳು ಬರುತ್ತಿದ್ದರೂ ಎಷ್ಟೋ ವರ್ಷ ಅವರನ್ನು ಆ ಸ್ಥಾನದಲ್ಲಿ ಉಳಿಸಿಕೊಂಡವನೂ ಅವನೇ. ಅವನನ್ನು ತೆಗೆದರೆ ಎಳೆಹೂಟೆಯ ಆಜ್ಞೆ ಮಾತ್ರ ಹೋಗುವುದಿಲ್ಲ, ಭಂಡಾರಿಯ ಸ್ಥಾನವೂ ಹೋಗುತ್ತದೆ. ಆಗ ಬಸವಣ್ಣನವರು ಕಲ್ಯಾಣಕ್ಕೆ ಬರುವ ದಾರಿ ಯಾವುದು? ನಮ್ಮ ನಾಟಕಕಾರರಿಗೆ ಈ ತೊಡಕು ಗೊತ್ತಿತ್ತು. ಲಂಕೇಶರ 'ಸಂಕ್ರಾಂತಿ', ಕಾರ್ನಾಡರ 'ತಲೆದಂಡ' ಎರಡರಲ್ಲೂ ಬಿಜ್ಜಳ ಬರೀ ಖಳನಾಯಕನಾಗಿ ಬರುವುದಿಲ್ಲ.

ಇಷ್ಟು ಹೇಳಿದ್ದು ಬಿಜ್ಜಳನ ವಕಾಲತ್ತು ವಹಿಸುವುದಕ್ಕಲ್ಲ. ನಿರಪರಾಧಿಗಳನ್ನು ಕೊಲ್ಲಿಸಿದ ಅರಸನ ಹೊಣೆ ಅರಸನದೇ. ಆದರೆ ಆ ಆಜ್ಞೆ ಬಂದದ್ದು ಎಲ್ಲಿಂದ ಎಂದು ನೋಡಬೇಕು. ಸಮಗಾರರ ಮನೆಯ ಹುಡುಗನಿಗೂ ಬ್ರಾಹ್ಮಣರಾಗಿದ್ದ ಮಧುವರಸರ ಮಗಳಿಗೂ ಮದುವೆಯಾಯಿತು. ಇಬ್ಬರ ತಂದೆಯರೂ ಲಿಂಗವಂತರಾಗಿದ್ದರು, ಜಾತಿಯನ್ನು ಬಿಟ್ಟಿದ್ದರು, ಮನಃಪೂರ್ವಕ ಒಪ್ಪಿದ್ದರು. ಊರು ಒಪ್ಪಲಿಲ್ಲ. ಆಸ್ಥಾನದವರು ಅರಸನ ಬಳಿ ಹೋಗಿ, ಧರ್ಮ ಕೆಟ್ಟಿತು ಎಂದರು. ಆ ಸಿಂಹಾಸನದ ಮೇಲೆ ಬಿಜ್ಜಳನ ಬದಲು ತೈಲಪ ಇದ್ದಿದ್ದರೆ ಅವನು ದೂರಿದವರನ್ನು ಬೈದು ಕಳಿಸುತ್ತಿದ್ದನೇ? ನನಗಂತೂ ನಂಬಿಕೆ ಇಲ್ಲ. ಕುರ್ಚಿಯ ಮೇಲೆ ಇದ್ದವನು ಬಿಜ್ಜಳ, ಆ ಕುರ್ಚಿಯ ಮೇಲೆ ಬಿದ್ದ ಭಾರ ಇಡೀ ಸಮಾಜದ್ದು.

ಬಂಧುಗಳೇ, ಇಲ್ಲಿ ಒಂದು ಮುಖ್ಯ ಸಂಗತಿ ಇದೆ. ಬಿಜ್ಜಳನನ್ನು ಅಳಿಸುವ ಪ್ರಯೋಗವನ್ನು ನಾವು ಊಹಿಸಬೇಕಾಗಿಯೇ ಇಲ್ಲ. ಅದು ಒಮ್ಮೆ ನಡೆದುಹೋಗಿದೆ. ಹರಳಯ್ಯನವರ, ಮಧುವರಸರ ಸಾವಿನಿಂದ ಕೆರಳಿದ ಜಗದೇವ, ಮೊಲ್ಲೆ ಬೊಮ್ಮಯ್ಯ ಬಿಜ್ಜಳನನ್ನು ಕೊಂದರು ಎಂದು ನಮ್ಮ ಪುರಾಣಗಳು ಹೇಳುತ್ತವೆ. ಜೈನರ 'ಬಿಜ್ಜಳರಾಯ ಚರಿತೆ' ಬೇರೆಯದೇ ಕಥೆ ಹೇಳುತ್ತದೆ. ಆದರೆ 1167-68ರ ಸುಮಾರಿಗೆ ಅವನ ಆಳ್ವಿಕೆ ಮುಗಿಯಿತು, ಮಗ ಸೋವಿದೇವ ಪಟ್ಟಕ್ಕೆ ಬಂದ ಎಂಬುದರಲ್ಲಿ ವಿವಾದವಿಲ್ಲ. ಬಿಜ್ಜಳ ಹೋದ. ಕಲ್ಯಾಣ ಉಳಿಯಿತೇ? ಇಲ್ಲ. ಅವನು ಹೋದ ಮೇಲೆಯೇ ಶರಣರ ಬೇಟೆ ಜೋರಾಯಿತು. ಚೆನ್ನಬಸವಣ್ಣನವರ ಜೊತೆ ಒಂದು ತಂಡ ವಚನದ ಕಟ್ಟುಗಳನ್ನು ಹೊತ್ತು ಉಳವಿಯ ಕಾಡಿನ ಕಡೆ ನಡೆಯಿತು. ಹಿಂದಿನಿಂದ ಬಂದ ಸೈನ್ಯವನ್ನು ಮಡಿವಾಳ ಮಾಚಿದೇವರು ತಡೆದರು ಎನ್ನುತ್ತದೆ ಪರಂಪರೆ. ಮುಂದೆ ಕಳಚುರಿಗಳ ರಾಜ್ಯವೂ ಉಳಿಯಲಿಲ್ಲ. 1184ರ ಹೊತ್ತಿಗೆ ಅದು ಮುಗಿದಿತ್ತು. ಅರಸ ಅಳಿದ, ಅರಸುಮನೆತನವೂ ಅಳಿಯಿತು, ಜಾತಿ ಮಾತ್ರ ಹಾಗೇ ನಿಂತಿತು.

ಈ ಮಾತನ್ನು ನನ್ನ ವೃತ್ತಿಯ ಭಾಷೆಯಲ್ಲಿ ಹೇಳುತ್ತೇನೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೆಯ ಕ್ರಸ್ಟ್ ಗೇಟ್ ಸರಪಳಿ ತುಂಡಾಗಿ ಕೊಚ್ಚಿಹೋಯಿತು. ತುಂಬಿದ್ದ ಜಲಾಶಯದ ನೀರನ್ನು ನದಿಗೆ ಬಿಡಬೇಕಾಯಿತು. ಒಂದು ವಾರದೊಳಗೆ ಸ್ಟಾಪ್‌ಲಾಗ್ ಇಳಿಸಿ ನೀರು ತಡೆದದ್ದು ದೊಡ್ಡ ಸಾಹಸ. ಆಗ ಎಲ್ಲರ ಬಾಯಲ್ಲೂ ಒಂದೇ ಮಾತು: ಆ ಸರಪಳಿ. ಆದರೆ ಆಮೇಲೆ ಕೈಗೊಂಡ ತೀರ್ಮಾನ ಏನು? 19ನೆಯದೊಂದನ್ನೇ ಅಲ್ಲ, 33 ಗೇಟುಗಳನ್ನೂ ಬದಲಿಸಬೇಕು ಎಂದು. ಏಕೆಂದರೆ ಉಳಿದ 32 ಗೇಟುಗಳೂ ಅದೇ ನೀರಿನಲ್ಲಿ, ಸುಮಾರು 70 ವರ್ಷ, ಅದೇ ಒತ್ತಡ ತಡೆದು ನಿಂತವು. 19ನೆಯದು ಮೊದಲು ಹೋಯಿತು, ಅಷ್ಟೇ. ಎಲ್ಲೇ ಏರಿ ಒಡೆಯಲಿ, ಸೇತುವೆ ಕುಸಿಯಲಿ, ಬರುವ ಮೊದಲ ಫೋನ್ "ಯಾರ ತಪ್ಪು, ಯಾರನ್ನು ಸಸ್ಪೆಂಡ್ ಮಾಡಿದಿರಿ?" ಎಂದೇ ಕೇಳುತ್ತದೆ. ಒಬ್ಬನ ಹೆಸರು ಸಿಕ್ಕಿದ ತಕ್ಷಣ ಎಲ್ಲರಿಗೂ ಸಮಾಧಾನವಾಗುತ್ತದೆ, ಉಳಿದ 32 ಗೇಟುಗಳ ಕಡೆ ಯಾರೂ ನೋಡುವುದಿಲ್ಲ. ಕಲ್ಯಾಣದ ವಿಷಯದಲ್ಲಿ ನಾವು ಮಾಡಿಕೊಂಡದ್ದೂ ಇದೇ. ಬಿಜ್ಜಳ ನಮ್ಮ 19ನೆಯ ಗೇಟ್.

ಇನ್ನೊಂದು ಪ್ರಯೋಗ ನಮ್ಮ ಕಾಲದಲ್ಲೇ ನಡೆದಿದೆ. ಸ್ವತಂತ್ರ ಭಾರತ ಆ ಸಿಂಹಾಸನದ ಮೇಲೆ ಸಂವಿಧಾನವನ್ನು ಕೂಡಿಸಿತು. 1954ರಲ್ಲಿ ವಿಶೇಷ ವಿವಾಹ ಕಾಯ್ದೆ ಬಂತು. ವಯಸ್ಸಿಗೆ ಬಂದ ಇಬ್ಬರು ಒಪ್ಪಿ ಮದುವೆಯಾದರೆ ಮನೆತನದ, ಸಮುದಾಯದ ಅಪ್ಪಣೆ ಬೇಕಿಲ್ಲ ಎಂದು 2018ರಲ್ಲಿ ಶಕ್ತಿವಾಹಿನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿತು. ಅಂಥ ದಂಪತಿಗಳಿಗೆ ರಕ್ಷಣೆ ಕೊಡಿ ಎಂದು ಸರ್ಕಾರಗಳಿಗೆ ಆದೇಶಿಸಿತು. ಹರಳಯ್ಯನವರ ಮಗನೂ ಮಧುವರಸರ ಮಗಳೂ ಇಂದು ಇದ್ದಿದ್ದರೆ ಪ್ರಭುತ್ವ ಅವರ ಪರ ನಿಲ್ಲಬೇಕಾಗಿತ್ತು. ಅಂದರೆ ಕಾನೂನಿನ ಮಟ್ಟದಲ್ಲಿ ಬಿಜ್ಜಳ ಅಳಿದಿದ್ದಾನೆ. ಫಲ ಏನು? 2011-12ರ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಜಾತಿ ದಾಟಿದ ಮದುವೆಗಳು ನೂರಕ್ಕೆ ಐದರ ಆಸುಪಾಸಿನಲ್ಲಿವೆ. ಮರ್ಯಾದೆಗೇಡು ಹತ್ಯೆಯ ಸುದ್ದಿಗಳು ನಮ್ಮ ನಾಡಿನ ಪತ್ರಿಕೆಗಳಲ್ಲೂ ಬರುತ್ತಲೇ ಇವೆ. ಅಲ್ಲಿ ಯಾವ ಅರಸನೂ ಆಜ್ಞೆ ಕೊಟ್ಟಿರುವುದಿಲ್ಲ. ಕೊಂದವರು ತಂದೆ, ಅಣ್ಣ, ಚಿಕ್ಕಪ್ಪ.

ದೂರದ ಮಾತು ಬೇಡ, ನಮ್ಮ ಮನೆಯದನ್ನೇ ನೋಡೋಣ. ಬಸವ ಜಯಂತಿಯ ದಿನ ಮೆರವಣಿಗೆಯಲ್ಲಿ ಮುಂದೆ ನಿಲ್ಲುವ ನಾವು, ಮಗಳಿಗೆ ವರ ಹುಡುಕುವಾಗ ಏನು ಕೇಳುತ್ತೇವೆ? ಹುಡುಗ ಲಿಂಗಾಯತ ಆಗಿದ್ದರೆ ಸಾಕು ಎನ್ನುತ್ತೇವೆಯೇ? "ನಮ್ಮವರೇ ಆಗಬೇಕು" ಎನ್ನುತ್ತೇವೆ. ಆ "ನಮ್ಮವರು" ಎಂಬುದರ ಅರ್ಥ ಒಳಪಂಗಡ. ವಧು-ವರರ ಸಮಾವೇಶದ ಅರ್ಜಿಯಲ್ಲಿ ಅದಕ್ಕೇ ಒಂದು ಸಾಲು ಇರುತ್ತದೆ, ಯಾರೂ ಅದನ್ನು ಖಾಲಿ ಬಿಡುವುದಿಲ್ಲ. ಸಮಗಾರರ ಮನೆಯ ಮಗ ಇಷ್ಟಲಿಂಗ ಧರಿಸಿ ನಮ್ಮ ಬಾಗಿಲಿಗೆ ಬಂದು ಹೆಣ್ಣು ಕೇಳಿದರೆ, ನಮ್ಮಲ್ಲಿ ಎಷ್ಟು ಮಧುವರಸರು ಸಿಗುತ್ತಾರೆ? ಬಿಜ್ಜಳನಿಗೆ ದೂರು ಒಯ್ದವರ ಸಾಲು ನೆನೆಸಿಕೊಳ್ಳಿ. ಆ ಸಾಲಿನಲ್ಲಿ ನಮ್ಮ ಪರಿಚಯದ ಮುಖಗಳು ಕಾಣುವುದಿಲ್ಲವೇ?

ಹಾಗಾದರೆ ವ್ಯಕ್ತಿಗೆ ಇತಿಹಾಸದಲ್ಲಿ ಬೆಲೆಯೇ ಇಲ್ಲವೇ, ಎಲ್ಲವೂ ವ್ಯವಸ್ಥೆಯೇ ಎಂದು ವಿದ್ಯಾರ್ಥಿಗಳು ಕೇಳಬಹುದು. ಅದಕ್ಕೆ ಇದೇ ಪ್ರಯೋಗವನ್ನು ತಿರುವಿ ಮಾಡಿ ನೋಡೋಣ. ಫ. ಗು. ಹಳಕಟ್ಟಿಯವರನ್ನು ಅಳಿಸಿ. 1880ರಲ್ಲಿ ಧಾರವಾಡದಲ್ಲಿ ಹುಟ್ಟಿ, ವಿಜಯಪುರದಲ್ಲಿ ವಕೀಲರಾಗಿದ್ದವರು. ಊರೂರು ತಿರುಗಿ ತಾಳೆಗರಿ ಸಂಗ್ರಹಿಸಿದರು. ಎಷ್ಟೋ ಮನೆಗಳಲ್ಲಿ ಆ ಕಟ್ಟುಗಳು ಜಗಲಿಯ ಮೇಲೆ ಬಿಚ್ಚದೆ ಪೂಜೆಗೊಳ್ಳುತ್ತಿದ್ದವು, ಹುಳು ಹಿಡಿಯುತ್ತಿದ್ದವು. 1923ರಲ್ಲಿ ಅವರ 'ವಚನಶಾಸ್ತ್ರಸಾರ' ಮೊದಲ ಭಾಗ ಹೊರಬಂತು. ವಾಸದ ಮನೆ ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯ ಹಾಕಿದರು, 1926ರಲ್ಲಿ 'ಶಿವಾನುಭವ' ಪತ್ರಿಕೆ ಆರಂಭಿಸಿದರು. ಅವರಿಗಿಂತ ಮೊದಲೂ ಕೆಲವು ವಚನಗಳು ಅಚ್ಚಾಗಿದ್ದವು, ಅವರ ನಂತರವೂ ಅನೇಕ ವಿದ್ವಾಂಸರು ದುಡಿದರು, ಕೊನೆಗೆ ಸರ್ಕಾರವೇ ಸಮಗ್ರ ವಚನಗಳನ್ನು 15 ಸಂಪುಟಗಳಲ್ಲಿ ತಂದಿತು. ಹಳಕಟ್ಟಿಯವರು ಇಲ್ಲದಿದ್ದರೆ ಬೇರೆ ಯಾರೋ ಮಾಡುತ್ತಿದ್ದರು ಎನ್ನಬಹುದು. ಮಾಡುತ್ತಿದ್ದರೇನೋ, ಮೂವತ್ತು ವರ್ಷ ತಡವಾಗಿ. ಆದರೆ ಗೆದ್ದಲು ಮೂವತ್ತು ವರ್ಷ ಕಾಯುವುದಿಲ್ಲ.

ಈ ಎರಡು ಪ್ರಯೋಗಗಳ ವ್ಯತ್ಯಾಸ ನೋಡಿ. ದಬ್ಬಾಳಿಕೆಯ ಕುರ್ಚಿ ಖಾಲಿಯಾದರೆ ಕೂರಲು ಜನ ಸಾಲಿನಲ್ಲಿ ನಿಂತಿರುತ್ತಾರೆ. ಅದಕ್ಕೆ ವಿಶೇಷ ಯೋಗ್ಯತೆ ಬೇಕಿಲ್ಲ, ಊರು ಹೇಳಿದ್ದಕ್ಕೆ ಹೂಂ ಎಂದರೆ ಸಾಕು. ಮನೆ ಮಾರಿ ಮುದ್ರಣಾಲಯ ಹಾಕುವ ಜಾಗ ಖಾಲಿಯಾದರೆ ಅಲ್ಲಿ ಸಾಲು ಇರುವುದಿಲ್ಲ. ಆದ್ದರಿಂದ ಯಾರನ್ನು ಅಳಿಸೋಣ ಎಂಬ ಪ್ರಶ್ನೆಯಿಂದ ನಮಗೆ ಹೆಚ್ಚು ಲಾಭವಿಲ್ಲ. ಎಂಟುನೂರು ವರ್ಷಗಳಿಂದ ಬಿಜ್ಜಳನನ್ನು ಬೈಯುತ್ತ ಬಂದಿದ್ದೇವೆ, ಅದರಿಂದ ಒಂದು ಮದುವೆಯೂ ಆಗಲಿಲ್ಲ. ಯಾವ ಜಾಗ ಖಾಲಿ ಇದೆ, ಅಲ್ಲಿ ಯಾರು ನಿಲ್ಲುತ್ತಾರೆ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಕೊನೆಯದಾಗಿ ಒಂದು ವಿನಂತಿ. ಈ ಮಠದ ಆಶ್ರಯದಲ್ಲಿ ಮುಂದಿನ ವಧು-ವರರ ಸಮಾವೇಶ ನಡೆಯುವಾಗ ಅರ್ಜಿಯಲ್ಲಿರುವ ಒಳಪಂಗಡದ ಸಾಲನ್ನು ತೆಗೆಯೋಣ. ಅಳಿಸಲೇಬೇಕು ಎಂದಿದ್ದರೆ ಅದನ್ನು ಅಳಿಸೋಣ. ಅದಕ್ಕೆ ಇತಿಹಾಸ ತಿದ್ದುವ ಶಕ್ತಿ ಬೇಡ, ಒಂದು ಗೆರೆ ಎಳೆದರೆ ಸಾಕು. ಪೂಜ್ಯರು ಅಪ್ಪಣೆ ಕೊಟ್ಟರೆ ಆ ಅರ್ಜಿಯನ್ನು ಹೊಸದಾಗಿ ಬರೆದುಕೊಡುವ ಕೆಲಸ ನನ್ನದಿರಲಿ.