ಹಬ್ಬದ ಹೊಸ ಅಂಗಿ ಮತ್ತು ನಮ್ಮೂರ ಬಿಸಿಲು

(ಸ್ಟೇಶನ್ ಬಜಾರದಲ್ಲಿ ಕಲಬುರಗಿ ನಗರ ಹಾಗೂ ಕಮಲಾಪುರ ಭಾಗದ ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ಮಾಡಿದ ಭಾಷಣ)



ಕಮಲಾಪುರದಿಂದ ಬೆಳಗಿನ ಬಸ್ಸಿಗೆ ಬಂದವರು ಇದ್ದೀರಿ, ಕೂಸು ಎತ್ತಿಕೊಂಡು ಬಂದವರೂ ಇದ್ದೀರಿ. ಮೊದಲು ಎಲ್ಲರೂ ನೀರು ಕುಡಿಯಿರಿ, ಆಮೇಲೆ ಮಾತು. ಇವತ್ತು ಉಳಿತಾಯ, ಬ್ಯಾಂಕ್ ಸಾಲದ ವಿಷಯ ಇಟ್ಟುಕೊಂಡಿಲ್ಲ. ಮಕ್ಕಳಿಗೆ ಹಬ್ಬಕ್ಕೆ ಎಂಥ ಅಂಗಿ ಹಾಕಬೇಕು ಅನ್ನೋದು ಇವತ್ತಿನ ವಿಷಯ. "ಇದೇನ್ರೀ ಸಿಸ್ಟರ್, ಅಂಗಿ ಹಾಕೋದೂ ನಮಗ ಕಲಸ್ತೀರೇನು?" ಅಂತ ನೀವು ಕೇಳಬಹುದು. ಕಲಿಯಬೇಕಾದವರು ಮೊದಲು ನಾವೇ ಆಗಿದ್ದೆವು. ಅದಕ್ಕೇ ನಮ್ಮ ತಪ್ಪಿನಿಂದಲೇ ಶುರು ಮಾಡುತ್ತೇವೆ.

ಕೆಲವು ವರ್ಷಗಳ ಹಿಂದೆ, ಏಪ್ರಿಲ್ ತಿಂಗಳಲ್ಲಿ, ಈಸ್ಟರ್ ಹಬ್ಬದ ನಂತರ ಮಕ್ಕಳ ಕಾರ್ಯಕ್ರಮ ಇಟ್ಟಿದ್ದೆವು. ಹುಡುಗಿಯರೆಲ್ಲ ಬಿಳಿ ಫ್ರಾಕು, ಕಾಲುಚೀಲ, ಬೂಟು ಹಾಕಿಕೊಂಡೇ ಬರಬೇಕು ಅಂತ ಮನೆಮನೆಗೆ ಚೀಟಿ ಕಳಿಸಿದವರು ನಾವೇ. ಹತ್ತು ಗಂಟೆಯ ಕಾರ್ಯಕ್ರಮ ಶುರುವಾಗಿದ್ದು ಹನ್ನೊಂದೂವರೆಗೆ. ಶಾಮಿಯಾನದ ಕೆಳಗೆ ಗಾಳಿ ಇಲ್ಲ. ಹಾಡು ಅರ್ಧಕ್ಕೆ ಬಂದಿತ್ತು, ಐದು ವರ್ಷದ ಒಂದು ಕೂಸು ನಿಂತಲ್ಲೇ ಕುಸಿದು ಬಿತ್ತು.

ಜನ ಸುತ್ತ ಮುತ್ತಿಕೊಂಡರು. "ದೃಷ್ಟಿ ಆಗ್ಯಾದ" ಅಂದರು ಒಬ್ಬರು. ಅಷ್ಟರಲ್ಲಿ ಒಬ್ಬ ಅಜ್ಜಿ ನಮ್ಮನ್ನು ಸರಿಸಿ ಮುಂದೆ ಬಂದರು. "ಏ ಯವ್ವಾ, ದೃಷ್ಟಿ ಆಮ್ಯಾಲ ತಗೀರಿ, ಮೊದಲ ಆ ಅಂಗಿ ತಗೀರಿ" ಅಂದರು. ನೈಲಾನ್ ಫ್ರಾಕು, ಅದರ ಕೆಳಗೆ ಜಾಳಿಗೆ, ಅದರ ಕೆಳಗೆ ಸ್ಯಾಟಿನ್ ಅಸ್ತರ, ಕೊನೆಗೆ ಒಂದು ಪೆಟ್ಟಿಕೋಟು. ನಾಲ್ಕು ಪದರ! ಅಜ್ಜಿ ತಮ್ಮ ಸೆರಗನ್ನೇ ನೀರಲ್ಲಿ ಅದ್ದಿ ಕೂಸಿನ ಮೈ ಒರೆಸಿದರು. ಸ್ವಲ್ಪ ಹೊತ್ತಿಗೆ ಕೂಸು ಕಣ್ಣು ಬಿಟ್ಟಿತು. ಎಂ.ಎಸ್.ಡಬ್ಲ್ಯೂ. ಓದಿದ ನಮಗೆ ಆ ಕ್ಷಣದಲ್ಲಿ ಹೊಳೆಯದ ವಿಚಾರ ಆ ಅಜ್ಜಿಗೆ ಹೊಳೆದಿತ್ತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಆ ತಾಯಿ ಇಬ್ಬರು ಮಕ್ಕಳ ಬಟ್ಟೆ-ಬೂಟಿಗೆ ಸಂಘದಿಂದ ಸಾಲ ತೆಗೆದಿದ್ದಳು ಅಂತ ನಮಗೆ ಆಮೇಲೆ ತಿಳಿಯಿತು. ಕಂತು ತೀರುವಷ್ಟರಲ್ಲಿ ಫ್ರಾಕು ಗಿಡ್ಡ ಆಗಿತ್ತು. ನಮ್ಮದೊಂದು ಚೀಟಿಯಿಂದ ಒಂದು ಮನೆಯ ಮೇಲೆ ಇಷ್ಟು ಭಾರ ಬಿತ್ತು. ಅಂದಿನಿಂದ ಅಂಥ ಚೀಟಿ ಕಳಿಸುವುದನ್ನು ನಿಲ್ಲಿಸಿದ್ದೇವೆ.

ಈ ಫ್ರಾಕು-ಕಾಲುಚೀಲದ ಅಲಂಕಾರ ಎಲ್ಲಿಂದ ಬಂತು? ಅದು ಚಳಿ ದೇಶದ ಉಡುಪು. ಈಸ್ಟರ್ ಹಬ್ಬ ಪ್ರತಿ ವರ್ಷ ಮಾರ್ಚ್ 22ರಿಂದ ಏಪ್ರಿಲ್ 25ರ ನಡುವೆ ಬರುತ್ತದೆ. ಯುರೋಪಿನ ಎಷ್ಟೋ ಕಡೆ ಅದು ವಸಂತದ ಹಬ್ಬ. ಹೂ ಬಿಡುವ ಕಾಲವಾದರೂ ಚಳಿ ಹೋಗಿರುವುದಿಲ್ಲ, ಒಮ್ಮೊಮ್ಮೆ ಹಿಮವೂ ಬೀಳುತ್ತದೆ. ಅಲ್ಲಿಯ ತಾಯಂದಿರು ಹೊಸ ಫ್ರಾಕಿನ ಒಳಗೆ ಬೆಚ್ಚನೆಯ ಬನಿಯನ್, ಮೇಲೆ ಉಣ್ಣೆಯ ಕೋಟು, ಕಾಲಿಗೆ ಉದ್ದ ಕಾಲುಚೀಲ ಹಾಕುತ್ತಾರೆ. ಅವರು ಮಾಡುವುದು ಅವರ ಊರಿಗೆ ಸರಿ.

ಪದರಗಳ ಗುಟ್ಟು ನಿಮಗೆ ಗೊತ್ತಿಲ್ಲದ್ದೇನಲ್ಲ. ನಮ್ಮ ಕೌದಿ ನೋಡಿ. ಹಳೆ ಸೀರೆ ಒಂದರ ಮೇಲೊಂದು ಇಟ್ಟು ಹೊಲಿಯುತ್ತೀರಿ. ಪದರದ ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ, ಮೈಯ ಬಿಸಿ ಹೊರಗೆ ಹೋಗುವುದಿಲ್ಲ. ಅದಕ್ಕೇ ಚಳಿಗಾಲದಲ್ಲಿ ಕೌದಿ ಬೆಚ್ಚಗೆ. ಈಗ ಹೇಳಿ, ಅಸ್ತರ, ಜಾಳಿಗೆ, ಮಖಮಲ್ಲು ಎಲ್ಲ ಸೇರಿಸಿದ ಅಂಗಿ ಕೌದಿಗಿಂತ ಏನು ಕಡಿಮೆ? ಏಪ್ರಿಲ್ ತಿಂಗಳಲ್ಲಿ ಕೂಸಿಗೆ ಕೌದಿ ಸುತ್ತಿ ಜಾತ್ರೆಗೆ ಕರೆದುಕೊಂಡು ಹೋಗುತ್ತೀರೇನು?

ಇದು ಬರೀ ಕ್ರೈಸ್ತರ ಮನೆಯ ಮಾತಲ್ಲ. ನಮ್ಮೂರಲ್ಲಿ ಹೋಳಿ ಮುಗಿಯುತ್ತಲೇ ಶರಣಬಸವೇಶ್ವರರ ಜಾತ್ರೆ, ಅದರ ಹಿಂದೆ ಯುಗಾದಿ. ರಂಜಾನ್ ಹಬ್ಬವೂ ಈಚಿನ ವರ್ಷಗಳಲ್ಲಿ ಬೇಸಿಗೆಯಲ್ಲೇ ಬಂದಿದೆ. 2024ರಲ್ಲಿ ಯುಗಾದಿ ಏಪ್ರಿಲ್ 9, ರಂಜಾನ್ ಏಪ್ರಿಲ್ 11. 2025ರಲ್ಲಿ ಮಾರ್ಚ್ 30ಕ್ಕೆ ಯುಗಾದಿ, ಮರುದಿನವೇ ರಂಜಾನ್, ಏಪ್ರಿಲ್ 20ಕ್ಕೆ ಈಸ್ಟರ್. ಒಂದು ಮನೆಯಲ್ಲಿ ಜರಿ ಲಂಗ, ಇನ್ನೊಂದರಲ್ಲಿ ಶೇರ್ವಾನಿ, ಮತ್ತೊಂದರಲ್ಲಿ ಕೋಟು-ಟೈ. ಮಕ್ಕಳ ಬೆವರು ಮಾತ್ರ ಎಲ್ಲಾ ಮನೆಯಲ್ಲೂ ಒಂದೇ. ಏಪ್ರಿಲ್-ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಹೊಸದಲ್ಲ. ಅದಕ್ಕಾಗಿಯೇ ಬೇಸಿಗೆಯಲ್ಲಿ ಈ ಭಾಗದ ಸರಕಾರಿ ಕಚೇರಿಗಳ ವೇಳೆಯನ್ನೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವ ರೂಢಿ ಇದೆ. ದೊಡ್ಡ ಸಾಹೇಬರಿಗೇ ಬಿಸಿಲು ತಡೆಯದಿದ್ದರೆ, ಕೂಸುಗಳ ಪಾಡೇನು?

ಮೈ ತಂಪಾಗುವುದು ಬೆವರು ಆರಿದಾಗ. ಹತ್ತಿ ಬಟ್ಟೆ ಬೆವರು ಹೀರಿಕೊಂಡು ಆರಲು ಬಿಡುತ್ತದೆ. ಬಿಗಿಯಾದ ಪಾಲಿಯೆಸ್ಟರ್, ನೈಲಾನ್ ಬಟ್ಟೆ ಬೆವರು ಹೀರುವುದಿಲ್ಲ, ಅದು ಚರ್ಮದ ಮೇಲೇ ನಿಲ್ಲುತ್ತದೆ. ಆಗ ಕುತ್ತಿಗೆ, ಕಂಕುಳ, ಬೆನ್ನಿಗೆಲ್ಲ ಬೆವರುಸಾಲೆ. ಚಿಕ್ಕ ಮಕ್ಕಳ ಮೈ ದೊಡ್ಡವರಿಗಿಂತ ಬೇಗ ಕಾಯುತ್ತದೆ. "ಧಗಿ ಆಗ್ಲಿಕತ್ತದ" ಅಂತ ಹೇಳಲಿಕ್ಕೂ ಅವಕ್ಕೆ ಬರುವುದಿಲ್ಲ, ಅಳುತ್ತವೆ ಅಷ್ಟೇ. ನಾವು ಹಟ ಅಂತ ಬೈಯುತ್ತೇವೆ. ಇನ್ನೊಂದು ಅಪಾಯ ಬೆಂಕಿಯದು. ದೀಪಕ್ಕೋ ಒಲೆಗೋ ತಗುಲಿದರೆ ನೈಲಾನ್ ಕರಗಿ ಮೈಗೆ ಅಂಟುತ್ತದೆ.

ಅಂಗಡಿಯವರು "ಪ್ಯೂರ್ ಕಾಟನ್" ಅಂದರೆ ನಂಬಬೇಕೋ ಬೇಡವೋ? ಒಂದು ಹನಿ ನೀರು ಹಾಕಿ ನೋಡಿ. ಹತ್ತಿ ಸಾಮಾನ್ಯವಾಗಿ ಬೇಗ ಹೀರುತ್ತದೆ. ಹೊಸ ಬಟ್ಟೆಗೆ ಗಂಜಿ ಇದ್ದರೆ ತಡವಾಗಬಹುದು. ಮನೆಗೆ ಬಂದ ಮೇಲೆ ಅಂಚಿನ ಎರಡು ನೂಲು ತೆಗೆದು, ಮಕ್ಕಳನ್ನು ದೂರ ಇಟ್ಟು, ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಿ. ಹತ್ತಿ ನೂಲು ಕಾಗದದ ಹಾಗೆ ಉರಿದು ಮೆತ್ತನ್ನ ಬೂದಿ ಆಗುತ್ತದೆ. ಪಾಲಿಯೆಸ್ಟರ್ ಮುದುಡಿ, ಕರಗಿ, ಗಟ್ಟಿ ಮಣಿಯಂತೆ ಉಳಿಯುತ್ತದೆ.

ಹೊಲಿಗೆ ಬಲ್ಲ ಅಕ್ಕಂದಿರು ಪ್ರತಿ ಸಂಘದಲ್ಲೂ ಇದ್ದೀರಿ. ಹತ್ತಿ ಬಟ್ಟೆಯನ್ನು ಕತ್ತರಿಸುವ ಮೊದಲು ನೀರಲ್ಲಿ ನೆನೆಸಿ ಒಣಗಿಸಿ, ಇಲ್ಲದಿದ್ದರೆ ಹೊಲಿದ ಮೇಲೆ ಗಿಡ್ಡ ಆಗುತ್ತದೆ. ಕಂಕುಳಲ್ಲಿ ಸಡಿಲ ಬಿಡಿ, ಕೆಳ ಅಂಚಿನಲ್ಲಿ ನಾಲ್ಕು ಬೆರಳು ಮಡಿಕೆ ಇಡಿ, ಮುಂದಿನ ವರ್ಷ ಬಿಚ್ಚಿದರೆ ಅದೇ ಫ್ರಾಕು ಬರುತ್ತದೆ. ಜರಿ ಬೇಕೇ ಬೇಕು ಅನ್ನುವವರು ಅಂಚಿಗಷ್ಟೇ ಹಚ್ಚಿ, ಕುತ್ತಿಗೆಗೆ ತಾಗದಂತೆ. ಹಳೆ ಹತ್ತಿ ಸೀರೆ ತೊಳೆದು ತೊಳೆದು ಮೆತ್ತಗಾಗಿರುತ್ತದೆ. ಅದರಲ್ಲಿ ಕೂಸಿಗೆ ಝಬ್ಲಾ ಹೊಲಿಯಿರಿ, ಅಂಗಡಿಯ ಯಾವ ಬಟ್ಟೆಯೂ ಅದಕ್ಕೆ ಸಮ ಬರುವುದಿಲ್ಲ.

ಹಸಿ ಬಾಣಂತಿಯರ ಮನೆಗೆ ಒಂದು ಮಾತು. ಕುಲಾಯಿ, ಕುಂಚಿಗೆ ನಮ್ಮ ಹಿರಿಯರು ಪ್ರೀತಿಯಿಂದ ಹೊಲಿದು ಕೊಟ್ಟವು. ಥಂಡಿಯಲ್ಲಿ ಹಾಕಿರಿ. ಬೇಸಿಗೆಯ ಮಧ್ಯಾಹ್ನ ಮನೆಯೊಳಗೆ ತಲೆ ಕಟ್ಟಿ ಮಲಗಿಸಬೇಡಿ, ಚಿಕ್ಕ ಕೂಸಿನ ಮೈಯ ಬಿಸಿ ತಲೆಯಿಂದಲೂ ಹೊರಗೆ ಹೋಗಬೇಕು. ಕೂಸಿನ ಎದೆ, ಕುತ್ತಿಗೆಯ ಹಿಂಭಾಗ ಮುಟ್ಟಿ ನೋಡಿ. ಬಿಸಿಯಾಗಿ ಒದ್ದೆಯಾಗಿದ್ದರೆ ಒಂದು ಬಟ್ಟೆ ತೆಗೆಯಿರಿ. ಅವಧಿಗೆ ಮೊದಲೇ ಹುಟ್ಟಿದ, ತೂಕ ಕಡಿಮೆ ಇರುವ ಕೂಸಿಗೆ ಮಾತ್ರ ಡಾಕ್ಟರು, ಆಶಾ ಕಾರ್ಯಕರ್ತೆ ಹೇಳಿದಂತೆ ಮಾಡಿ. ಆರು ತಿಂಗಳೊಳಗಿನ ಕೂಸಿಗೆ ಬೇಸಿಗೆಯಲ್ಲೂ ತಾಯಿ ಹಾಲು ಸಾಕು, ಮೇಲೆ ನೀರು ಬೇಡ. ಹಾಲು ಪದೇ ಪದೇ ಕುಡಿಸಿ. ನೀರು ಕುಡಿಯಬೇಕಾದವಳು ತಾಯಿ.

ದೊಡ್ಡ ಮಕ್ಕಳು ಹೊರಗೆ ಹೋಗುವಾಗ ತೆಳು ಬಣ್ಣದ ಸಡಿಲ ಅಂಗಿ, ತಲೆಗೆ ಟೊಪಗಿ ಅಥವಾ ಒದ್ದೆ ಟವೆಲ್, ಕಾಲಿಗೆ ಚಪ್ಪಲಿ. ಹೊಲಕ್ಕೆ ಹೋಗುವ ನಮ್ಮ ಅಜ್ಜಂದಿರು ಬಿಳಿ ಧೋತರ, ಬಿಳಿ ರುಮಾಲು ಸುಮ್ಮನೆ ಸುತ್ತಿಕೊಂಡಿದ್ದರೇನು? ಫೋಟೋಕ್ಕೆ ಜರಿ ಅಂಗಿ ಬೇಕಾದರೆ ಬೆಳಿಗ್ಗೆ ತಂಪಿನಲ್ಲಿ ತೆಗೆಸಿ, ಆಮೇಲೆ ಬದಲಿಸಿ. ಹಾಗಿದ್ದೂ ಮಗು ಮಂಕಾದರೆ ನೆರಳಿಗೆ ಒಯ್ದು, ಬಟ್ಟೆ ಸಡಿಲಿಸಿ, ಒದ್ದೆ ಬಟ್ಟೆಯಿಂದ ಒರೆಸಿ, ಗಾಳಿ ಹಾಕಿ. ಎಚ್ಚರ ಇದ್ದರೆ ಓ.ಆರ್.ಎಸ್. ಕುಡಿಸಿ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಸಮ ಚಮಚ ಉಪ್ಪು, ಎರಡಕ್ಕೂ ಚಹಾದ ಚಿಕ್ಕ ಚಮಚವೇ. ತೊದಲಿದರೆ, ಫಿಟ್ಸ್ ಬಂದರೆ, ಎಚ್ಚರ ತಪ್ಪಿದರೆ ಬಾಯಿಗೆ ಏನೂ ಹಾಕಬೇಡಿ. ತಕ್ಷಣ 108ಕ್ಕೆ ಫೋನ್ ಮಾಡಿ, ಗಾಡಿ ಬರುವವರೆಗೆ ಮೈ ತಂಪು ಮಾಡುತ್ತಿರಿ.

ಕೊನೆಗೆ ರೊಕ್ಕದ ಮಾತು. ಮೂರು ಸಾವಿರ ರೂಪಾಯಿ ಬಟ್ಟೆ ಸಾಲ ಅಂತ ಇಟ್ಟುಕೊಳ್ಳಿ. ಸಂಘದ ಬಡ್ಡಿ ತಿಂಗಳಿಗೆ ನೂರಕ್ಕೆ ಎರಡು ಇದ್ದು, ಅಸಲಿನಲ್ಲಿ 300ರಂತೆ ಹತ್ತು ಕಂತು ಕಟ್ಟಿದರೆ, ಬಡ್ಡಿಯೇ 330 ರೂಪಾಯಿ. ಹೊರಗೆ ನೂರಕ್ಕೆ ಐದರಂತೆ ತಂದರೆ ಅದೇ ಲೆಕ್ಕದಲ್ಲಿ 825. ಆ ರೊಕ್ಕದಲ್ಲಿ ಒಂದು ಹತ್ತಿ ಫ್ರಾಕು ಬರುವುದಿಲ್ಲವೇ? ಸಂಘದ ಸಾಲ ಬೀಜಕ್ಕೆ, ಮಿಷನ್ನಿಗೆ, ಔಷಧಕ್ಕೆ, ಓದಿಗೆ ಇರಲಿ. ಹಬ್ಬಕ್ಕೆ ಅಂತ ತಿಂಗಳಿಗೆ ಐವತ್ತು ರೂಪಾಯಿ ಬೇರೆ ತೆಗೆದಿಟ್ಟರೆ ವರ್ಷಕ್ಕೆ ಆರುನೂರು ಆಗುತ್ತದೆ. ಎಲ್ಲ ಸಂಘದವರು ಸೇರಿ ಒಂದು ಥಾನು ಬಟ್ಟೆ ತಂದು, ನಮ್ಮ ಹೊಲಿಗೆಯ ಅಕ್ಕಂದಿರಿಂದಲೇ ಹೊಲಿಸಿದರೆ, ಕೂಲಿ ಸಹ ನಮ್ಮ ನಡುವೆಯೇ ಉಳಿಯುತ್ತದೆ.

ಮಕ್ಕಳಿಗೆ ಹೊಸ ಅಂಗಿ ಬೇಡ ಅಂತ ನಾವು ಹೇಳುತ್ತಿಲ್ಲ. ನಮಗೆ ಸಿಗದಿದ್ದದ್ದು ನಮ್ಮ ಕೂಸಿಗೆ ಸಿಗಲಿ ಅನ್ನುವ ತಾಯಿಯ ಆಸೆ ನಮಗೆ ತಿಳಿಯುತ್ತದೆ. ಆ ಹೊಸ ಅಂಗಿಯಲ್ಲಿ ಕೂಸು ಓಡಬೇಕು, ಆಡಬೇಕು, ಹೋಳಿಗೆ ತಿಂದು ನೆರಳಲ್ಲಿ ನಿದ್ದೆ ಮಾಡಬೇಕು. ಮುಂದಿನ ಸಭೆಗೆ ಪ್ರತಿ ಸಂಘದವರು ನೀವೇ ಹೊಲಿದ ಒಂದೊಂದು ಹತ್ತಿ ಅಂಗಿ ತನ್ನಿ, ಎಲ್ಲರೂ ಕೂಡಿ ನೋಡೋಣ. ಅಂದು ನಮ್ಮನ್ನು ಸರಿಸಿ ಮುಂದೆ ಬಂದ ಆ ಅಜ್ಜಿಯನ್ನೂ ಕರೆದಿದ್ದೇವೆ. ಯಾವುದು ಸರಿ ಅಂತ ಅವರೇ ಮುಟ್ಟಿ ಹೇಳಲಿ.