ಚಿಕ್ಕ ಶಾಲೆಯ ಅಳತೆ

ಕಪಿಲೆಯ ದಂಡೆಯ ನಂಜನಗೂಡಿನ ಸೀಮೆಯಲ್ಲಾಗಲಿ, ಆ ನದಿ ಕಾವೇರಿಯನ್ನು ಕೂಡುವ ತಿರುಮಕೂಡಲು ನರಸೀಪುರದ ಸೀಮೆಯಲ್ಲಾಗಲಿ, ಹಳ್ಳಿಯ ಚಿಕ್ಕ ಸರ್ಕಾರಿ ಮಾಧ್ಯಮಿಕ ಶಾಲೆಯನ್ನು ಪಟ್ಟಣಿಗರಾದ ನಾವು ಶೇಕಡಾ ಲೆಕ್ಕದಿಂದಲೇ ಅಳೆಯುತ್ತೇವೆ. ತರಗತಿಯಲ್ಲಿ ಹತ್ತೇ ಮಕ್ಕಳಿದ್ದರೆ, ಒಬ್ಬನು ಹಿಂದೆ ಬಿದ್ದೊಡನೆ ಫಲಿತಾಂಶವು ಶೇಕಡಾ 10ರಷ್ಟು ಇಳಿಯುವುದು. ನೂರು ಮಕ್ಕಳಿದ್ದಲ್ಲಿ 1ರಷ್ಟು ಮಾತ್ರ. ಇದು ಗಾತ್ರದ ಅಳತೆಯೇ ಹೊರತು ಗುಣದ ಅಳತೆಯಲ್ಲ.

2009ರ ಶಿಕ್ಷಣ ಹಕ್ಕಿನ ಕಾಯಿದೆಯು ಆರರಿಂದ ಎಂಟನೆಯ ತರಗತಿಗಳಿಗೆ ವರ್ಷಕ್ಕೆ 220 ಕೆಲಸದ ದಿನಗಳನ್ನೂ, ವಿಜ್ಞಾನ-ಗಣಿತ, ಸಮಾಜ, ಭಾಷೆ ಇವುಗಳಿಗೆ ಒಬ್ಬೊಬ್ಬ ಉಪಾಧ್ಯಾಯರನ್ನೂ ವಿಧಿಸಿದೆ. ಆ ಉಪಾಧ್ಯಾಯರು ಇರುವರೆ? ಇದು ಮೊದಲ ಪ್ರಶ್ನೆ. ಬಳಿಕ ಹಿಂದಿನ ಸಾಲಿನ ಮಗುವಿನಿಂದ ಹೊಸದೊಂದು ಪುಟವನ್ನು ಓದಿಸಿ, ಅರ್ಥವನ್ನು ಕೇಳೋಣ. ನಮ್ಮ ಅಳತೆ ತಪ್ಪಿ ಶಾಲೆ ಮುಚ್ಚಿದರೆ, ದೂರದ ಶಾಲೆಗೆ ಹೋಗಲಾರದ ಹುಡುಗಿಯ ಓದು ಅಲ್ಲಿಗೇ ನಿಲ್ಲುವುದು.